ಮೀಟರು ಹಸಿರಿನಲ್ಲಿತ್ತು

ನನ್ನ ಕೋಣೆಗೆ ಹಾಡಲು ಬಂದವರು ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ. ಹೆಡ್‌ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಬಾರಿಸುವ ಕೀಬೋರ್ಡಿನ ಪಟ್ಟಿಗಳ ಮೇಲೆ ಎರಡೂ ಮುಂಗೈಗಳನ್ನು ಅಡ್ಡಲಾಗಿ ಇಟ್ಟು, ಮೈಭಾರ ಬಿಟ್ಟು ಒತ್ತುತ್ತೇನೆ. ಒತ್ತಿಕೊಂಡೇ ಪರದೆಯ ಮೇಲಿನ ಎರಡು ಮೀಟರುಗಳನ್ನು ನೋಡುತ್ತೇನೆ. ಮೊದಲು ಸ್ಯಾಂಪ್ಲರಿನದು, ಆಮೇಲೆ ಮಿಕ್ಸರಿನದು. ಈ ಕ್ರಮ ತಪ್ಪಿಸುವುದಿಲ್ಲ. ಸ್ಯಾಂಪ್ಲರಿನ ಕೆಂಪು ದೀಪ ಹತ್ತಿದರೆ ಮಟ್ಟ ಇಳಿಸಿ, ದೀಪ ಆರಿಸಿ, ಮತ್ತೆ ಒತ್ತುತ್ತೇನೆ.

ನೋಡಿದವರು ನಗುತ್ತಾರೆ. ಮುಚ್ಚಂಡಿಯ ಭಜನಿ ಮಂಡಳಿಯ ಹಿರಿಯರೊಬ್ಬರು, "ಏನ್ರಿ ಮಾಸ್ತರ, ರೊಟ್ಟಿ ಹಿಟ್ಟ ನಾದಾಕತ್ತೀರೇನ?" ಅಂದರು. ಅವರ ತಾಳದವನು, "ಕೈ ತೊಳಕೊಂಡ ನಾದ್ರಿ ಮತ್ತ" ಅಂದ. ನಾನೂ ನಕ್ಕೆ. ಕಾರಣ ಹೇಳಲಿಲ್ಲ. ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ, ಹೇಳಿದ್ದನ್ನು ಹೇಳಿದಷ್ಟೇ ಬರೆಯಬೇಕೆಂದು ಮನಸ್ಸು ಮಾಡಿದ್ದೇನೆ. ಯಾಕೆಂದರೆ ಒಮ್ಮೆ ಕಂಡದ್ದರಲ್ಲಿ ಅರ್ಧವನ್ನು ಮಾತ್ರ ಹೇಳಿದ್ದೆ.

ನನ್ನ ಕೋಣೆ ಜತ್ತದ ಪೇಟೆಯಲ್ಲಿ, ನಮ್ಮದೇ ಹಿಟ್ಟಿನ ಗಿರಣಿಯ ಮೇಲಿದೆ. ಕೆಳಗೆ ಅಣ್ಣ ಗಿರಣಿ ನೋಡಿಕೊಳ್ಳುತ್ತಾನೆ. ಮೇಲೆ ನಾನು ಗೋಡೆಗೆ ಹಳೆಯ ಗಾದಿ, ಕಂಬಳಿ ಬಡಿದು, ಒಂದು ಕಂಪ್ಯೂಟರು, ಎರಡು ಮೈಕು ಇಟ್ಟುಕೊಂಡು ಭಜನಿ ಪದ, ಸೋಬಾನ ಪದ, ಮೊಹರಮ್ಮಿನ ರಿವಾಯತ ಪದಗಳನ್ನು ರೆಕಾರ್ಡ್ ಮಾಡುತ್ತೇನೆ. ಗಿರಣಿಯ ಕಲ್ಲು ತಿರುಗುವಾಗ ನೆಲ ನಡುಗುತ್ತದೆ. ಹೀಗಾಗಿ ನನ್ನ ಕೆಲಸವೆಲ್ಲ ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗಿನಿಂದ ಸಂಜೆ ಮತ್ತೆ ಗಿರಣಿ ಶುರುವಾಗುವ ತನಕ.

ಎದುರಿಗೆ, ಓಣಿಯ ಆಚೆ ಬದಿಗೆ, ಚಾಚಾನ ಅಂಗಡಿ. ಅವರು ಪೇಟಿ ದುರಸ್ತಿ ಮಾಡುವವರು. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಎಂದರೆ ಯಾರಿಗೂ ತಿಳಿಯುವುದಿಲ್ಲ. ವಯಸ್ಸು ಅರವತ್ತು ದಾಟಿತ್ತು. ನಾನು ಸಾಲಿಗೆ ಹೋಗುವಾಗಿನಿಂದ ಅವರನ್ನು ಚಾಚಾ ಎಂದೇ ಕರೆದವನು. ಮನೆಯಲ್ಲಿ ದಖನಿ, ಸಾಂಗ್ಲಿ ಕಡೆಯ ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಪೇಟಿಯನ್ನು ಬೈಯುವಾಗ ಮಾತ್ರ ಮೂರೂ ಕೂಡಿಸಿ ಬೈಯುತ್ತಿದ್ದರು.

ಅವರ ಕೆಲಸದ ಬಗೆಯನ್ನು ಸ್ವಲ್ಪ ಹೇಳಬೇಕು. ಪೇಟಿಯ ಪ್ರತಿ ಪಟ್ಟಿಯ ಹಿಂದೆ ಎರಡು ಹಿತ್ತಾಳೆಯ ನಾಲಿಗೆಗಳಿರುತ್ತವೆ. ಗಾಳಿ ಹಾದಾಗ ಎರಡೂ ಕೂಡಿ ನುಡಿಯಬೇಕು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಧ್ವನಿ ನೀರಿನ ಮೇಲಿನ ತೆರೆಯ ಹಾಗೆ ಏರಿ ಇಳಿಯುತ್ತದೆ. ಚಾಚಾ ಅದನ್ನು ತೆರಿ ಎನ್ನುತ್ತಿದ್ದರು. ಸಣ್ಣ ಕಾನಸಿನಿಂದ, ಅಂದರೆ ಅರದಿಂದ, ನಾಲಿಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಂದು ಕೆರೆತ, ಒಮ್ಮೆ ಕೇಳುವುದು. ಮತ್ತೊಂದು ಕೆರೆತ, ಮತ್ತೊಮ್ಮೆ ಕೇಳುವುದು. ತೆರೆ ನಿಧಾನವಾಗುತ್ತಾ ಬಂದು ಒಂದು ಹಂತದಲ್ಲಿ ನಿಲ್ಲುತ್ತದೆ. "ತೆರಿ ನಿಂತ್ರ ಸುರ ಕೂಡೇತಿ ಅಂತ ತಿಳಕೋ" ಎನ್ನುತ್ತಿದ್ದರು. ಅಳೆಯಲು ಅವರ ಬಳಿ ಬೇರೆ ಯಾವ ಉಪಕರಣವೂ ಇರಲಿಲ್ಲ. ಕಣ್ಣು ಮುಚ್ಚಿ, ಬಲಗಿವಿಯನ್ನು ಪೇಟಿಯ ಕಡೆ ವಾಲಿಸಿ ಕೂತರೆ, ಓಣಿಯಲ್ಲಿ ಲಾರಿ ಹಾದರೂ ಅವರಿಗೆ ಆ ತೆರೆ ಕೇಳುತ್ತಿತ್ತು.

ಎಲ್ಲ ಪಟ್ಟಿ ಕೂಡಿಸಿದ ಮೇಲೆ ಕೊನೆಯ ಪರೀಕ್ಷೆ ಒಂದಿತ್ತು. ಎಡಗೈಯಿಂದ ತಿದಿ ಒತ್ತಿ ಗಾಳಿ ತುಂಬಿ, ಬಲ ಮುಂಗೈಯನ್ನು ಮೊಳಕೈಯಿಂದ ಬೆರಳ ತುದಿಯ ತನಕ ಪಟ್ಟಿಗಳ ಮೇಲೆ ಒಮ್ಮೆಲೇ ಹಾಕುವುದು. ಪಟ್ಟಿಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ಯಾವ ನಾಲಿಗೆ ಕಸ ಸಿಕ್ಕು ಸುಮ್ಮನಿದೆ, ಎಲ್ಲಿ ಗಾಳಿ ಸೋರುತ್ತಿದೆ, ಅದರಲ್ಲಿ ಅವರಿಗೆ ಗೊತ್ತಾಗುತ್ತಿತ್ತು. ಕೇಳುವವನಿಗೆ ಅದು ಎಮ್ಮೆಯೊಂದು ನಿಟ್ಟುಸಿರು ಬಿಟ್ಟಂತೆ ಕೇಳುತ್ತಿತ್ತು, ಅಷ್ಟೆ. ತಿದಿಯಲ್ಲಿರುವುದು ಒಂದೇ ಗಾಳಿ; ಅದು ಅಷ್ಟೂ ನಾಲಿಗೆಗಳಿಗೆ ಹಂಚಿಹೋಗಿ ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪ ಬರುತ್ತಿತ್ತು. ಒಂದು ಪಟ್ಟಿ ಒತ್ತಿದ್ದಕ್ಕಿಂತ ಎಲ್ಲ ಪಟ್ಟಿ ಒತ್ತಿದಾಗ ಪೇಟಿ ಬಹಳ ಜೋರೇನೂ ಆಗುತ್ತಿರಲಿಲ್ಲ.

ಆ ಪರೀಕ್ಷೆಯನ್ನು ಅವರ ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಈ ಮಾತನ್ನು ಮುಂದೆ ಮರೆಯಬಾರದು. ನನಗೆ ಗೊತ್ತಿತ್ತು.

ಆ ವರ್ಷ ಬೆಳುಂಕಿಯ ಮನೆಯೊಂದರಿಂದ ಹಳೆಯ ಪೇಟಿ ಅವರ ಅಂಗಡಿಗೆ ಬಂತು. ಸಾಗವಾನಿಯ ಮೈ, ಹಳದಿಗೆ ತಿರುಗಿದ ಪಟ್ಟಿಗಳು. ಒಳಗೆ ಇಲಿ ಗೂಡು ಕಟ್ಟಿತ್ತು. ಚಾಚಾ ಹತ್ತು ಹನ್ನೆರಡು ದಿನ ಅದರ ಹಿಂದೆ ಬಿದ್ದರು. ತಿದಿಗೆ ಹೊಸ ಚರ್ಮ ಹಚ್ಚಿ, ಒಂದೊಂದು ನಾಲಿಗೆ ತೊಳೆದು, ಕೆರೆದು, ಕೂಡಿಸಿದರು. ಮುಗಿದ ದಿನ ನನ್ನನ್ನು ಕೂಗಿ ಕರೆದರು. ಅವರು ಸಾ ಹಿಡಿದಾಗ ನಾನು ಕಟ್ಟೆಯ ಮೇಲೆ ನಿಂತವನು ಕೂರುವುದನ್ನು ಮರೆತೆ. ಅಂಥ ತುಂಬಿದ, ಅಲುಗದ ಧ್ವನಿ.

"ಚಾಚಾ, ಇದನ್ನ ಎರಡ ದಿನ ನನ್ನ ಕಡೆ ಬಿಡ್ರಿ. ಒಂದೊಂದ ಪಟ್ಟಿ ರೆಕಾರ್ಡ ಮಾಡ್ಕೋತೀನಿ" ಅಂದೆ.

"ಮಾಡ್ಕೊಂಡ?"

"ಕಂಪ್ಯೂಟರದಾಗ ಹಾಕ್ತೀನ್ರಿ. ಆಮ್ಯಾಲ ಪೇಟಿ ಇಲ್ಲದನ ಪೇಟಿ ಬಾರಿಸಬಹುದು."

"ಅಂದ್ರ ನನ್ನ ಅಂಗಡಿಗಿ ಕೀಲಿ ಹಾಕಾಕ ಬಂದೀ ಅನ್ನು."

"ಹಂಗಲ್ರಿ ಚಾಚಾ..."

"ಏ ಹುಚ್ಚಪ್ಪಾ, ಚ್ಯಾಷ್ಟಿ ಮಾಡಿದೆ. ಪದಾ ಕದಿಯೋರನ್ನ ಕಂಡೀನಿ, ಪೇಟಿ ಉಸುರ ಕದಿಯಾಂವ ನೀನ ಮೊದಲ್ನ್ಯಾಂವ. ಒಯ್ಯಿ. ಆದ್ರ ಪಟ್ಟಿ ನಾನ ಒತ್ತಾಂವ. ನಿನ್ನ ಬೆರಳಿನ ಮ್ಯಾಲ ನನಗ ಭರೋಸಾ ಇಲ್ಲ."

ಎರಡು ಮಧ್ಯಾಹ್ನ ಅವರೇ ಬಂದು ಕೂತು ಪಟ್ಟಿಗಳನ್ನು ಒಂದೊಂದಾಗಿ ಒತ್ತಿದರು. ಮೊದಲು ಮೆತ್ತಗೆ, ಆಮೇಲೆ ನಡುವಿನದು, ಆಮೇಲೆ ಜೋರು. ಫ್ಯಾನು ನಿಲ್ಲಿಸಿದ್ದೆ. ಆಷಾಢದ ಗಾಳಿ ಕಿಟಕಿಯನ್ನು ಬಡಿದಾಗೆಲ್ಲ ಮತ್ತೆ ಮೊದಲಿನಿಂದ. ಅವರಿಗೆ ಬೇಸರವಾಗಲಿಲ್ಲ. "ನೋಡ ತಮ್ಮಾ, ಈ ಗಾಂಧಾರ ಕೇಳು" ಅಂದು ಒಂದೊಂದು ಸ್ವರಕ್ಕೂ ತಲೆ ಅಲ್ಲಾಡಿಸುತ್ತಿದ್ದರು.

ಆ ತುಣುಕುಗಳನ್ನು ನಾನು ಸ್ಯಾಂಪ್ಲರಿಗೆ ಹಾಕಿದೆ. ಸ್ಯಾಂಪ್ಲರೆಂದರೆ ಕಂಪ್ಯೂಟರಿನೊಳಗಿನ ಒಂದು ಸಾಫ್ಟ್‌ವೇರು. ಮೇಜಿನ ಮೇಲಿನ ಕೀಬೋರ್ಡಿಗೆ ತನ್ನದೇ ಧ್ವನಿಯಿಲ್ಲ. ಅದರ ಪಟ್ಟಿ ಒತ್ತಿದರೆ ಆ ಪಟ್ಟಿಗೆ ಕಟ್ಟಿಟ್ಟ ರೆಕಾರ್ಡನ್ನು ಸ್ಯಾಂಪ್ಲರು ನುಡಿಸುತ್ತದೆ. ನಿಜವಾದ ಪೇಟಿಯಲ್ಲಿ ಜೋರು, ಮೆತ್ತಗೆ ಎನ್ನುವುದು ತಿದಿ ಒತ್ತುವ ಕೈಯಲ್ಲಿದೆ. ಇಲ್ಲಿ ಅದು ಪಟ್ಟಿಯ ಮೇಲೆ ಬೆರಳು ಎಷ್ಟು ರಭಸದಿಂದ ಇಳಿಯಿತು ಎನ್ನುವುದರಲ್ಲಿದೆ. ಇನ್ನೊಂದು ವ್ಯತ್ಯಾಸವೂ ಇದೆ. ಇಲ್ಲಿ ಗಾಳಿ ಹಂಚಿಹೋಗುವುದಿಲ್ಲ. ಹತ್ತು ಪಟ್ಟಿ ಒತ್ತಿದರೆ ಹತ್ತೂ ಪೂರ್ಣ ಧ್ವನಿಯಲ್ಲಿ ಬಂದು ಒಂದರ ಮೇಲೊಂದು ಕೂಡುತ್ತವೆ.

ಮೂರನೆಯ ಮಧ್ಯಾಹ್ನ ಚಾಚಾ ಕೇಳಲು ಬಂದರು.

ಈಗ ನಿಧಾನವಾಗಿ ಬರೆಯಬೇಕು.

ಅವರನ್ನು ಕೀಬೋರ್ಡಿನ ಮುಂದೆ ಕೂರಿಸಿ ನನ್ನ ಒಳ್ಳೆಯ ಹೆಡ್‌ಫೋನನ್ನು ಕೊಟ್ಟೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದನ್ನು ಹಾಕಿಕೊಂಡರು. ಒಂದು ಪಟ್ಟಿಯನ್ನು ಬಹಳ ಮೆತ್ತಗೆ ಒತ್ತಿದರು. ಪೇಟಿಯ ಪಟ್ಟಿ ಒತ್ತುವ ರೂಢಿಯೇ ಅದು.

"ಕೇಳವಲ್ದು ತಮ್ಮಾ. ತೆರಿ ಕೇಳಬೇಕಂದ್ರ ಇನ್ನಷ್ಟ ಬೇಕು."

ಹೆಡ್‌ಫೋನಿನ ಗುಂಡಿಯನ್ನು ಏರಿಸಿದೆ.

"ಇನ್ನಷ್ಟ."

ಮತ್ತೆ ಏರಿಸಿದೆ. ಗುಂಡಿ ಮುಕ್ಕಾಲು ದಾಟಿತ್ತು. ಆಗ ನಾನು ಮೀಟರು ನೋಡಿದೆ. ನೋಡಿಲ್ಲ ಎಂದಲ್ಲ. ಯಾವುದನ್ನು ನೋಡಿದೆ ಎನ್ನುವುದು ಮುಖ್ಯ. ನಾನು ನೋಡಿದ್ದು ಮಿಕ್ಸರಿನ, ಅಂದರೆ ಎಲ್ಲ ಧ್ವನಿಗಳನ್ನು ಕೂಡಿಸಿ ಹದ ಮಾಡುವ ಭಾಗದ, ಮೀಟರು. ಅದು ಹಸಿರಿನಲ್ಲಿ, ಕೆಳಗಿನ ಮೂರನೆಯ ಗೆರೆಯ ಹತ್ತಿರ ಆಡುತ್ತಿತ್ತು. ಆದರೆ ಆ ದಿನ ಬೆಳಿಗ್ಗೆ ನಾನೇ ಆ ಮಿಕ್ಸರಿನ ಪೇಟಿ ಸಾಲನ್ನು ತಗ್ಗಿಸಿ ಇಟ್ಟಿದ್ದೆ. ಹೆಡ್‌ಫೋನಿಗೆ ಹೋಗುವ ದಾರಿ ಆ ತಗ್ಗಿಸುವ ಗುಂಡಿಗಿಂತ ಮೊದಲೇ ಕವಲೊಡೆದು ಹೋಗುತ್ತದೆ. ಹಾಡುವವರ ಕಿವಿಗೆ ನನ್ನ ಏರಿಳಿತ ತಾಕದಿರಲಿ ಎಂದು ನಾನೇ ಹಾಗೆ ಮಾಡಿಕೊಂಡಿದ್ದೆ. ಬಾವಿಯ ಮೋಟರಿನಿಂದ ಹೊರಟ ಪೈಪು ಒಂದು ಕಡೆ ದನದ ತೊಟ್ಟಿಗೆ, ಇನ್ನೊಂದು ಕಡೆ ಹೊಲಕ್ಕೆ ಹೋಗುತ್ತದೆ ಅನ್ನಿ. ಹೊಲದ ವಾಲ್ವು ತಿರುವಿ, ಅಲ್ಲಿ ನೀರು ಸಣ್ಣಗೆ ಬರುವುದನ್ನು ನೋಡಿ, ತೊಟ್ಟಿಗೂ ಸಣ್ಣಗೇ ಬೀಳುತ್ತಿದೆ ಎಂದು ನಂಬಿದ ಹಾಗೆ ನಾನು ನಂಬಿದೆ.

ಸ್ಯಾಂಪ್ಲರಿಗೆ ಅದರದೇ ಕಿಟಕಿಯಲ್ಲಿ, ಮೇಲಿನ ಮೂಲೆಯಲ್ಲಿ, ಸಣ್ಣ ಮೀಟರು ಇದೆ. ಸ್ಯಾಂಪ್ಲರಿನಿಂದ ಎಷ್ಟು ಧ್ವನಿ ಹೊರಡುತ್ತಿದೆ ಎಂದು ಅದು ತೋರಿಸುತ್ತದೆ. ಅದರ ತಲೆಯ ಮೇಲಿನ ಕೆಂಪು ದೀಪ ಮಟ್ಟ ಮೀರಿದಾಗ ಹತ್ತುತ್ತದೆ, ಮತ್ತು ನಾವು ಆರಿಸುವ ತನಕ ಆರುವುದಿಲ್ಲ. ಆ ದೀಪ ಬೆಳಿಗ್ಗೆಯಿಂದ ಹತ್ತಿಯೇ ಇತ್ತು. ಬೆಳಿಗ್ಗೆ ನಾನು ಎರಡು ಕೈಯಿಂದ ನಾಲ್ಕೈದು ಪಟ್ಟಿ ಜೋರಾಗಿ ಒತ್ತಿದಾಗ ಹತ್ತಿದ್ದು. ಆಗಲೇ ಅದು ನನಗೆ ಏನನ್ನೋ ಹೇಳಿತ್ತು. ಆರಿಸಿದರಾಯಿತು ಅಂದುಕೊಂಡೆ, ಆರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಕೆಂಪು ನನ್ನ ಕಣ್ಣಿಗೆ ಗೋಡೆಯ ಮೊಳೆಯ ಹಾಗೆ ರೂಢಿಯಾಗಿಬಿಟ್ಟಿತ್ತು. ಮಟ್ಟ ಮೀರಿದರೆ ತಡೆಯುವ ಒಂದು ಲಿಮಿಟರನ್ನೂ ಹಾಕಬಹುದಿತ್ತು. ಅದು ಪೇಟಿಯ ಮೊದಲ ಉಸಿರನ್ನು ಚಿವುಟುತ್ತದೆ ಎಂದು ತೆಗೆದಿದ್ದೆ.

ಚಾಚಾ ಒಂದೊಂದೇ ಪಟ್ಟಿ ಒತ್ತುತ್ತಾ ಮೇಲಿನ ಸಪ್ತಕದ ತನಕ ಹೋದರು. ಕಣ್ಣು ಮುಚ್ಚಿದ್ದರು. ಮುಖದಲ್ಲಿ ನಗು ಇತ್ತು.

"ಅಲಲಲ! ನನ್ನ ಕೈಯಾಗಿನ ಕೆಲಸಾ ನನಗ ತಿರಗಿ ಕೇಳಸಾಕತ್ತೀಯಲ್ಲೋ. ಗಾಂಧಾರ ಹಾಂಗ ಐತಿ ನೋಡು. ಇರು, ಎಲ್ಲಾ ಬಾಯಿ ಬಿಡತಾವೇನ್ ನೋಡೂಣು" ಅಂದರು.

ಅಂದು, ಬಲ ಮುಂಗೈಯನ್ನು ಎತ್ತಿ ಪಟ್ಟಿಗಳ ಮೇಲೆ ಹಾಕಿದರು.

ಕೋಣೆಯಲ್ಲಿ ದೊಡ್ಡ ಸದ್ದೇನೂ ಆಗಲಿಲ್ಲ. ನನಗೆ ಕೇಳಿದ್ದು ಪ್ಲಾಸ್ಟಿಕ್ ಪಟ್ಟಿಗಳು ತಳಕ್ಕೆ ಬಡಿದ ಟಪ್ ಎನ್ನುವ ಶಬ್ದ, ಹೆಡ್‌ಫೋನಿನ ಅಂಚಿನಿಂದ ಸೋರಿದ ತಗಡು ಹರಿದಂಥ ಒಂದು ಕಿರುಚು. ಚಾಚಾ ಕೂಗಲಿಲ್ಲ. ಅವರ ಕೈ ಪಟ್ಟಿಯ ಮೇಲೆ ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಎದ್ದಿತು. ಎರಡೂ ಕೈಯಿಂದ ಹೆಡ್‌ಫೋನ್ ತೆಗೆದು, ಬೇರೆಯವರ ವಸ್ತು ಎನ್ನುವ ಎಚ್ಚರದಲ್ಲಿ ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಟೋಪಿ ನೆಲಕ್ಕೆ ಬಿದ್ದಿತ್ತು.

"ಇದಕ್ಕ ಉಸುರು ಮುಗಿಯೂದ ಇಲ್ಲಲ್ಲೋ" ಅಂದರು.

"ಚಾಚಾ, ಏನಾತ್ರಿ?"

ಅವರು ನನ್ನ ತುಟಿಯನ್ನು ನೋಡುತ್ತಿದ್ದರು. "ಜೋರ ಮಾತಾಡು. ಬಾವ್ಯಾಗಿಂದ ಮಾತಾಡಿದಂಗ ಆಗಾಕತ್ತೇತಿ." ಆಮೇಲೆ ನಕ್ಕರು. "ಕಿವ್ಯಾಗ ಚಿಕ್ಕಾಡ ಹೊಕ್ಕಂಗ ಗುಂಯ್ ಅನಾಕತ್ತೇತಿ. ಬಿಡು, ಹೊಕ್ಕಾವ, ಹೊಂಟ ಹೋಗತಾವ. ಚಾ ತರಸು."

ಚಹಾ ಕುಡಿದು, ಮೆಟ್ಟಿಲಿನ ಗೋಡೆ ಹಿಡಿದುಕೊಂಡು ಇಳಿದು ಹೋದರು.

ಅವರು ಹೋದ ಮೇಲೆ ನಾನು ಸ್ಯಾಂಪ್ಲರಿನ ಕೆಂಪು ದೀಪವನ್ನು ಆರಿಸಿದೆ. ಬೆಳಿಗ್ಗೆ ಮಾಡಬೇಕಿದ್ದ ಕೆಲಸ. ಹೆಡ್‌ಫೋನ್ ಮೇಜಿನ ಮೇಲೇ ಇತ್ತು, ಗುಂಡಿ ಹಾಗೇ ಮುಕ್ಕಾಲಿನಲ್ಲಿತ್ತು. ಅವರ ಹಾಗೆಯೇ ಮುಂಗೈ ಹಾಕಿದೆ. ಹೆಡ್‌ಫೋನು ಮೇಜಿನ ಮೇಲೆ ನಡುಗಿತು. ಅದರ ಚೀರಾಟ ಕೋಣೆಯ ಬಾಗಿಲಿನ ತನಕ ಕೇಳುವಷ್ಟಿತ್ತು. ಸ್ಯಾಂಪ್ಲರಿನ ಮೀಟರು ಸೊನ್ನೆಗಿಂತ ಒಂಬತ್ತು ಡೆಸಿಬಲ್ ಮೇಲೆ ನಿಂತಿತ್ತು. ಸೊನ್ನೆಯೇ ಕಡೆಯ ಗೆರೆ. ಅದರಾಚೆಗಿನದೆಲ್ಲ ತಲೆ ಕತ್ತರಿಸಿಕೊಂಡು, ಯಂತ್ರ ಎಷ್ಟು ಕೊಡಬಲ್ಲದೋ ಅಷ್ಟೂ ಆಗಿ ಕಿವಿಗೆ ಹೋಗುತ್ತದೆ. ಮಿಕ್ಸರಿನ ಮೀಟರನ್ನೂ ನೋಡಿದೆ. ನಾನು ತಗ್ಗಿಸಿ ಇಟ್ಟಿದ್ದರಿಂದ ಅದು ಹಸಿರಿನ ತುದಿಯಲ್ಲಿತ್ತು. ಕೆಂಪು ಮುಟ್ಟಿರಲಿಲ್ಲ.

ಸಾಫ್ಟ್‌ವೇರು ಚಾಚಾ ಒತ್ತಿದ್ದನ್ನೂ ಬರೆದುಕೊಂಡಿತ್ತು. ರೆಕಾರ್ಡಿನ ಗುಂಡಿಯನ್ನು ಒತ್ತಿಟ್ಟಿದ್ದು ನನಗೆ ನೆನಪಿರಲಿಲ್ಲ. ಪರದೆಯ ಮೇಲೆ ಒಂದೊಂದೇ ಪಟ್ಟಿಯ ಬಿಡಿ ಬಿಡಿ ಗೀಟುಗಳು, ಕೊನೆಯಲ್ಲಿ ಒಂದರ ಮೇಲೊಂದು ಒಟ್ಟಿದ ಗೀಟುಗಳ ಕಂತೆ. ಎಣಿಸಿದೆ. ಇಪ್ಪತ್ತೆಂಟು. ಯಾರೋ ಪಂಚನಾಮೆ ಬರೆದಿಟ್ಟ ಹಾಗಿತ್ತು. ಆ ಫೈಲು ಇನ್ನೂ ನನ್ನ ಬಳಿ ಇದೆ.

ಅಂದರೆ ಅದೇ ಸಂಜೆ ನನಗೆ ಎಲ್ಲವೂ ತಿಳಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಚಾಚಾನ ಹೆಂಡತಿ, ಚಾಚಿ, ಗಿರಣಿಗೆ ಬಂದರು. ಗೋಧಿಯ ಡಬ್ಬಿಯನ್ನು ಅಣ್ಣನ ಮುಂದಿಟ್ಟು, ನನ್ನನ್ನು ಕೆಳಗೆ ಕರೆದರು.

"ಏನ್ ಮಾಡಿದ್ರೋ ಇಬ್ರೂ ಕೂಡಿ? ನಾನು ಒಂದ ಹೇಳಿದ್ರ ಅವ್ರು ಒಂದ ಹೇಳಾಕತ್ತಾರ. ಉಪ್ಪು ಕೊಡ್ರಿ ಅಂದ್ರ ಸೊಪ್ಪ ಇಲ್ಲ ಅಂತಾರ. ಆ ಕಿವಿಗಿ ಹಾಕ್ಕೊಂಡದ್ದು ಭಾಳ ಜೋರ ಇತ್ತೇನ?"

ನನ್ನ ಉತ್ತರ ನನಗೆ ಅಕ್ಷರಶಃ ನೆನಪಿದೆ. "ಮೀಟರ್ ಹಸರದಾಗ ಇತ್ರಿ ಚಾಚಿ."

"ಹಸರದಾಗ ಅಂದ್ರ?"

"ಅಂದ್ರ ಬರೋಬ್ಬರಿ ಐತಿ ಅಂತ."

ಅವರ ಮುಖ ಸಡಿಲವಾಯಿತು. "ಹಂಗಾದ್ರ ಗಾಳಿನ ಹೊಕ್ಕೈತಿ. ಈ ಆಷಾಢದ ಗಾಳ್ಯಾಗ ಕಿವಿ ಕಟಗೋರಿ ಅಂತ ಬಡಕೊಂಡೀನಿ. ಬೆಳ್ಳುಳ್ಳಿ ಎಣ್ಣಿ ಕಾಸಿ ಬಿಡ್ತೀನಿ" ಅಂದರು. ಹಿಟ್ಟು ಬೀಸಿಸಿಕೊಂಡು ಹೋದರು.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಿಕ್ಸರಿನ ಮೀಟರು ಹಸಿರಿನಲ್ಲೇ ಇತ್ತು. ಆ ಮೀಟರಿಗೂ ಅವರ ಗಂಡನ ಕಿವಿಗೂ ಸಂಬಂಧವಿರಲಿಲ್ಲ ಎನ್ನುವುದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಸರಿಹೋಗುತ್ತದೆ, ಹೋದರೆ ಹೇಳುವ ಅಗತ್ಯವೇ ಇಲ್ಲ ಎಂದುಕೊಂಡಿದ್ದೆ. ಮರುದಿನವೂ ಹಾಗೇ ಅಂದುಕೊಂಡೆ. ಮೂರನೆಯ ದಿನಕ್ಕೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎನ್ನುವ ಹೊಸ ಭಯ ಕೂಡಿಕೊಂಡಿತು.

ಚಾಚಿ ಹತ್ತು ದಿನ ಎಣ್ಣೆ ಬಿಟ್ಟರು. ಹನ್ನೊಂದನೆಯ ದಿನ ಮಿರಜಿನ ಕಿವಿ ಡಾಕ್ಟರರ ಕಡೆಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಬೇಕೆಂದರು. ಅದನ್ನು ಕಂಡ ಕೂಡಲೇ ಚಾಚಾ ಎರಡೂ ಕಿವಿ ಮುಚ್ಚಿಕೊಂಡರು. ನಾನು ಹೆಗಲ ಮೇಲೆ ಕೈಯಿಟ್ಟಾಗ ಕೈ ತೆಗೆದರು. ಪರೀಕ್ಷೆಯ ಕಾಗದದಲ್ಲಿ ಗೆರೆ ಎಡದಿಂದ ನೇರವಾಗಿ ಬಂದು, ಮೇಲಿನ ಸ್ವರಗಳ ಹತ್ತಿರ ಕಾಲು ಜಾರಿದ ಹಾಗೆ ಕೆಳಗೆ ಬಿದ್ದಿತ್ತು. ಬಲಗಿವಿಯಲ್ಲಿ ಹೆಚ್ಚು.

ಡಾಕ್ಟರರು ಮರಾಠಿಯಲ್ಲಿ ಕೇಳಿದರು: ದೊಡ್ಡ ಶಬ್ದವೇನಾದರೂ ಕಿವಿಗೆ ಬಿದ್ದಿತ್ತೇ, ಯಾವಾಗ? ಚಾಚಾ ತಾವೇ ಮರಾಠಿಯಲ್ಲಿ ಉತ್ತರ ಕೊಟ್ಟರು. "ತಪ್ಪು ನನ್ನದೇ ಸಾಹೇಬರೆ. ಇವನ ಯಂತ್ರದ ಮೇಲೆ ಅಡ್ಡ ಕೈ ಹಾಕಿದೆ. ಆದರೆ ಅದು ಅಷ್ಟೇನೂ ಜೋರಿರಲಿಲ್ಲವಂತೆ, ಇವನು ನೋಡಿದ್ದಾನೆ." ಡಾಕ್ಟರರು ನನ್ನ ಕಡೆ ನೋಡಿದರು. ನಾನು ಕಾಗದದ ಗೆರೆಯನ್ನು ನೋಡುತ್ತಿದ್ದೆ. ಅವರು ಪೆನ್ನು ಮುಚ್ಚುತ್ತಾ, ಮೊದಲ ಎರಡು ಮೂರು ದಿನದಲ್ಲಿ ಬಂದಿದ್ದರೆ ಔಷಧ ಕೊಟ್ಟು ನೋಡಬಹುದಿತ್ತು, ಆಗಲೂ ಖಾತ್ರಿ ಹೇಳಲಾಗುತ್ತಿರಲಿಲ್ಲ, ಈಗ ಮಾತ್ರ ಆಸೆ ಕಡಿಮೆ ಎಂದರು.

ಬರುವಾಗ ಬಸ್ಸಿನಲ್ಲಿ ಚಾಚಾ ಕಿಟಕಿಯ ಕಡೆ ಕೂತಿದ್ದರು. ಬಹಳ ಹೊತ್ತಿನ ಮೇಲೆ, "ಗುಂಯ್ ಅನ್ನೂದು ಕರೇ ನಾಕರ ಹತ್ರ ಐತಿ" ಅಂದರು. ಅವರ ಕಿವಿಯಲ್ಲಿ ನಿಲ್ಲದೆ ನುಡಿಯುತ್ತಿರುವ ಆ ಸದ್ದು ಪೇಟಿಯ ಯಾವ ಕಪ್ಪು ಪಟ್ಟಿಯ ಸ್ವರ ಎಂದು ಅವರು ಗುರುತಿಸಿದ್ದರು. "ಕೂಡಿಲ್ಲ ಮತ್ತ. ಸ್ವಲ್ಪ ಏರೈತಿ. ಕಾನಸ ಹಾಕಾಕ ಬರಾಂಗಿಲ್ಲ ನೋಡು ಅಲ್ಲಿ." ಅವರು ನಗಿಸಲು ಹೇಳಿದ್ದು. ನಾನು ನಗಲಿಲ್ಲ.

ಶ್ರಾವಣ ಬಂತು. ಊರೂರಿನಲ್ಲಿ ಭಜನೆ ಶುರುವಾಗುವ ತಿಂಗಳು. ಚಾಚಾನ ಅಂಗಡಿಯಲ್ಲಿ ಪೇಟಿಗಳು ಒಂದರ ಮೇಲೊಂದು ಏರುವ ತಿಂಗಳು. ಅವರು ಕೆಲಸ ನಿಲ್ಲಿಸಿರಲಿಲ್ಲ. ಓಣಿಯ ಆಚೆಯಿಂದ ನಾನು ನೋಡುತ್ತಿದ್ದೆ. ಮೊದಲು ಬಲಗಿವಿ ವಾಲಿಸುತ್ತಿದ್ದವರು ಈಗ ಎಡಗಿವಿ ವಾಲಿಸುತ್ತಿದ್ದರು. ಒಂದು ಪಟ್ಟಿಗೆ ಹತ್ತು ಸಲ ಕೆರೆದು, ಹತ್ತು ಸಲ ಕೇಳಿ, ಮತ್ತೆ ಬಿಚ್ಚುತ್ತಿದ್ದರು.

ದರಿಬಡಚಿಯ ಭಜನಿ ಮಂಡಳಿಯವರು ತಮ್ಮ ಪೇಟಿಯನ್ನು ಒಯ್ದ ನಾಲ್ಕನೆಯ ದಿನಕ್ಕೆ ತಿರುಗಿ ತಂದರು. ನಾನು ಆಗ ಕಟ್ಟೆಯ ಹತ್ತಿರವೇ ನಿಂತಿದ್ದೆ. ತಂದವರಿಗೆ ಹೇಳಲು ಸಂಕೋಚ.

"ಚಾಚಾ, ತಪ್ಪ ತಿಳಕೋಬ್ಯಾಡ್ರಿ. ಮ್ಯಾಲಿನ ಸಪ್ತಕದಾಗ ತೆರಿ ಉಳದಾವ್ರಿ."

"ನಮ್ಮ ಮಾಸ್ತರ ಅಂತಾನ, ಪೇಟಿಗಿ ಥಂಡಿ ಹತ್ತಿ ನಡಗಾಕತ್ತೇತಿ ಅಂತ" ಎಂದು ಜೊತೆಗಿದ್ದವನು ಹಗುರ ಮಾಡಲು ನೋಡಿದ.

ಚಾಚಾ ಪೇಟಿಯನ್ನು ತೆರೆದು, ಅವರು ತೋರಿಸಿದ ಪಟ್ಟಿ ಒತ್ತಿ, ಕಣ್ಣು ಮುಚ್ಚಿ ಕೇಳಿದರು. ಅಲ್ಲಿ ತೆರೆ ಇತ್ತು. ಓಣಿಯಲ್ಲಿ ನಿಂತ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಚಾಚಾಗೆ ಕೇಳುತ್ತಿರಲಿಲ್ಲ. ಕಣ್ಣು ತೆರೆದು ಅವರು ಆ ಇಬ್ಬರ ಮುಖ ನೋಡಿದರು, ಆಮೇಲೆ ನನ್ನ ಮುಖ. "ಹೌದು, ಉಳದಾವ" ಅಂದರು. "ನಾಳಿಗಿ ಬರ್ರಿ."

ಅವರ ಅಂಗಡಿಗೆ ಪೇಟಿ ತಿರುಗಿ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ಅವರು ಪೇಟಿಯನ್ನು ಹೆಗಲ ಮೇಲಿಟ್ಟುಕೊಂಡು ನನ್ನ ಮೆಟ್ಟಿಲು ಹತ್ತಿ ಬಂದರು. "ಬರ್ರಿ ಚಾಚಾ, ಕುಂದ್ರಿ" ಅಂದೆ. ಕೂರಲಿಲ್ಲ.

"ನಿನ್ನ ಡಬ್ಬ್ಯಾಗ ಸುರ ನೋಡೂ ಮುಳ್ಳ ಐತೆಲ್ಲ. ನಾ ಕೆರೀತೀನಿ. ನೀ ಮ್ಯಾಲ, ಕೆಳಗ ಅಂತ ಹೇಳು."

ಅಣ್ಣನಿಗೆ ಹೇಳಿ ಗಿರಣಿ ನಿಲ್ಲಿಸಿದೆ. ಮೈಕು ಇಟ್ಟು ಶುರು ಮಾಡಿದೆವು. ನಾನು ಪರದೆಯ ಮುಳ್ಳು ನೋಡಿ ಹೇಳುವುದು, ಅವರು ಕೆರೆಯುವುದು. ಎರಡು ಪಟ್ಟಿ ಮುಗಿಯಿತು. ಮೂರನೆಯದು ಗಾಂಧಾರ. ಮುಳ್ಳು ನಡುವೆ ನಿಂತಾಗ, "ಬರೋಬ್ಬರಿ ಐತ್ರಿ" ಅಂದೆ.

ಚಾಚಾ ಕಾನಸನ್ನು ಕೆಳಗಿಟ್ಟರು. "ನಿನ್ನ ಬರೋಬ್ಬರಿ ಅಲ್ಲ ಅದು. ನನ್ನ ಗಾಂಧಾರ ಒಂದ ಎಳಿ ಕೆಳಗ ಇರತೈತಿ. ಮುಳ್ಳಿಗಿ ಏನ್ ಗೊತ್ತು?" ನಾಲಿಗೆಯ ಮೇಲಿನ ಪುಡಿ ಊದಿ, "ನಿನ್ನ ಬರೋಬ್ಬರಿ ಅವತ್ತೂ ಕೇಳೀನಿ" ಅಂದರು.

ಅವರು ಏನನ್ನಾದರೂ ಊಹಿಸಿ ಹೇಳಿದರೋ, ಬರೀ ಬೇಸರಕ್ಕೆ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಹೇಳಿಬಿಟ್ಟೆ. ಎರಡು ಮೀಟರುಗಳ ವಿಷಯ, ಬೆಳಿಗ್ಗೆಯಿಂದ ಹತ್ತಿಯೇ ಇದ್ದ ಕೆಂಪು ದೀಪ, ಅವರು ಹೋದ ಮೇಲೆ ನಾನು ಮುಂಗೈ ಹಾಕಿ ನೋಡಿದ್ದು. ಅವರಿಗೆ ಕೇಳಲಿ ಎಂದು ಜೋರಾಗಿ ಹೇಳಬೇಕಿತ್ತು. ಗಿರಣಿ ನಿಂತಿದ್ದರಿಂದ ಕೆಳಗಿನ ಅಣ್ಣನಿಗೂ ಕೇಳಿಸಿರಬೇಕು.

"ಎಷ್ಟ ಇತ್ತು?" ಎಂದು ಚಾಚಾ ಕೇಳಿದರು.

"ಸೊನ್ನಿ ಮ್ಯಾಲ ಒಂಬತ್ತು."

"ಸೊನ್ನಿ ಎಲ್ಲಿ ಇರತೈತಿ?"

"ಅದ ಕಡೀದ್ರಿ. ಅದನ್ನ ದಾಟಬಾರದು."

"ಅದು ನಿನಗ ಅವತ್ತ ಸಂಜೀಕನ ಗೊತ್ತಿತ್ತು."

"ಗೊತ್ತಿತ್ರಿ."

ಅವರು ಟೋಪಿ ತೆಗೆದು, ನೋಡಿ, ಮತ್ತೆ ಹಾಕಿಕೊಂಡರು. "ಸುಳ್ಳ ಹೇಳಿದ್ರ ನಿನ್ನ ಮಾರಿ ನೋಡಿ ಹಿಡೀತಿದ್ದೆ. ಸಣ್ಣಾಂವ ಇದ್ದಾಗಿಂದ ನೋಡೀನಿ ನಿನ್ನ. ನೀ ಖರೇದ ಹೇಳಿದಿ. ಅದಕ್ಕ ನಾ ಹತ್ತ ದಿನ ಎಣ್ಣಿ ಹಾಕ್ಕೊಂಡ ಮಲಗಿದೆ."

ಕ್ಷಮೆ ಕೇಳಲು ಬಾಯಿ ತೆರೆದದ್ದು ನೆನಪಿದೆ. ಅವರು ಕೈ ಅಡ್ಡ ಮಾಡಿದರು.

"ಆ ಬೆಳುಂಕಿ ಪೇಟಿ ಇನ್ನೂ ಐತೇನ್ ನಿನ್ನ ಡಬ್ಬ್ಯಾಗ?"

ಇತ್ತು. ಆ ದಿನದಿಂದ ನಾನು ಅದನ್ನು ಮುಟ್ಟಿರಲಿಲ್ಲ. ಒಂದೆರಡು ಸಲ ಅಳಿಸಿಹಾಕಲು ಹೋಗಿ ಬಿಟ್ಟಿದ್ದೆ.

"ಅದರ ಗಾಂಧಾರ ಹಚ್ಚು. ಆ ಡಬ್ಬಿ ಸ್ಪೀಕರದಾಗ, ಸಣ್ಣಗ. ಇದರ ಜೋಡಿ ಕೂಡಸೂಣು. ನನ್ನ ಕಿವಿ ಈಗ ಅಲ್ಲೆ ಐತಿ, ಅದರಾಗ."

ಸ್ಯಾಂಪ್ಲರನ್ನು ತೆರೆದೆ. ಮೊದಲು ಕೆಂಪು ದೀಪ ನೋಡಿದೆ, ಆರಿತ್ತು. ಮಟ್ಟವನ್ನು ತಳಕ್ಕೆ ಇಳಿಸಿ ಅಲ್ಲಿಂದ ಮೆಲ್ಲಗೆ ಏರಿಸಿದೆ. ಸ್ಪೀಕರಿನಿಂದ ಬೆಳುಂಕಿಯ ಪೇಟಿಯ ಗಾಂಧಾರ ಬಂತು, ಚಾಚಾನ ಕಿವಿ ಚೆನ್ನಾಗಿದ್ದಾಗ ಅವರೇ ಕೂಡಿಸಿದ ಗಾಂಧಾರ. ಅವರು ದರಿಬಡಚಿಯ ಪೇಟಿಯ ಪಟ್ಟಿಯನ್ನು ಒತ್ತಿದರು. ಎರಡರ ನಡುವೆ ತೆರೆ ಎದ್ದಿತು.

"ಐತೇನ?"

"ಐತ್ರಿ. ಭಾಳ ಜೋರ ಓಡಾಕತ್ತೇತಿ."

ಕೆರೆದರು. "ಈಗ?"

"ನಿಧಾನ ಆಗೇತ್ರಿ."

ಕೆರೆದರು. ನಾನು ಕಣ್ಣು ಮುಚ್ಚಿ ಕೇಳಿದೆ. ನನ್ನ ಕಿವಿ ಅವರ ಕಿವಿಯಲ್ಲ. ತೆರೆ ಬಹಳ ನಿಧಾನವಾದಾಗ ಅದು ಇದೆಯೋ ಇಲ್ಲವೋ ಎಂದು ನನಗೆ ತಿಳಿಯುವುದಿಲ್ಲ. ಆದರೂ ಉತ್ತರಕ್ಕಾಗಿ ಕಾಯುತ್ತಾ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆ ಒಂದು ಪೇಟಿಗೆ ಇಡೀ ದಿನ ಹಿಡಿಯಿತು. ಮೊದಲು ಅವರು ಒಬ್ಬರೇ ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಿದ್ದ ಕೆಲಸ. ಈಗಲೂ ವಾರಕ್ಕೆ ಎರಡು ದಿನ ಅವರು ಪೇಟಿ ಹೊತ್ತು ಮೇಲೆ ಬರುತ್ತಾರೆ. ಬರುವ ಪೇಟಿಗಳು ಕಡಿಮೆಯಾಗಿವೆ. ಚಾಚಿ ಗಿರಣಿಗೆ ಬಂದರೆ ಅಣ್ಣನ ಜೊತೆ ಮಾತ್ರ ಮಾತಾಡುತ್ತಾರೆ. ಚಾಚಾ ಮುಂಗೈ ಪರೀಕ್ಷೆಯನ್ನು ಈಗಲೂ ನಿಜವಾದ ಪೇಟಿಯ ಮೇಲೆ ಮಾಡುತ್ತಾರೆ. ಮಾಡುವ ಮುನ್ನ ಒಂದು ಕ್ಷಣ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ನಾನು ಮಾತ್ರ ನೋಡಿದ್ದೇನೆ.

ಆ ದಿನ ಮೂರನೆಯ ಕೆರೆತದ ಮೇಲೆ ಅವರು ಮತ್ತೆ ಕೇಳಿದರು: "ನಿಂತಿತೇನ?"

ನಿಂತ ಹಾಗೇ ಇತ್ತು. ಹೌದು ಎಂದರೆ ಮುಂದಿನ ಪಟ್ಟಿಗೆ ಹೋಗಬಹುದಿತ್ತು. ಪರದೆಯ ಮೇಲೆ ಮೀಟರು ಹಸಿರಿನಲ್ಲಿತ್ತು. ನಾನು ಅತ್ತ ನೋಡಲಿಲ್ಲ. ಪೇಟಿಯ ಮರಕ್ಕೆ ಕಿವಿ ಹಚ್ಚಿ ಉಸಿರು ಹಿಡಿದೆ. ಬಹಳ ಹೊತ್ತಿಗೆ, ಬಹಳ ದೂರದಲ್ಲಿ ಎಂಬಂತೆ, ಧ್ವನಿ ಒಮ್ಮೆ ಏರಿ ಇಳಿಯಿತು.

"ಇನ್ನೂ ಐತ್ರಿ ಚಾಚಾ" ಅಂದೆ. "ಒಂದ ಐತಿ."

ಅವರು ಕಾನಸನ್ನು ಕೈಗೆತ್ತಿಕೊಂಡರು.